ಕಮೋಗ್ಲಿಯಲ್ಲಿ ಕೋಣೆ ಖಾಲಿ ಇಲ್ಲ

ಇಟಲಿಯಲ್ಲಿ ಕಡಲ ಪಕ್ಕದ ಒಂದು ಊರನ್ನು ಆರಿಸುವ ಕೆಲಸ, ಕಡಲ ಪಕ್ಕದಲ್ಲೇ ಇದ್ದೂ ಕಡಲಿಗೆ ಹೋಗದ ಇಬ್ಬರ ತಲೆಗೆ ಬಿತ್ತು.

ಕುವೈತಿನ ಶುವೈಖ್‌ನಲ್ಲಿ ಎ.ಸಿ. ಬಿಡಿಭಾಗ ಮಾರುವ ಆ ಆಫೀಸಿನಲ್ಲಿ ಶರ್ಲಿನ್ ಬಿಲ್ಲಿಂಗ್ ನೋಡುತ್ತಿದ್ದಳು. ಎದುರಿನ ಮೇಜು ಕ್ಲೆಮೆಂಟ್‌ನದು. ಸಿಬ್ಬಂದಿಯ ಪಾಸ್‌ಪೋರ್ಟ್, ಇಕಾಮಾ ಎಂಬ ವಾಸದ ಪರವಾನಗಿ, ಟಿಕೆಟ್ಟು ಎಲ್ಲ ಅವನ ಡ್ರಾಯರಿನಲ್ಲಿ. 2008ರ ಮೇ ತಿಂಗಳ ಒಂದು ಬೆಳಿಗ್ಗೆ ಮಾಲೀಕ ಬೂ ತಲಾಲ್ ಎರಡು ಮೇಜುಗಳ ನಡುವೆ ನಿಂತು, ಜುಲೈಯಲ್ಲಿ ಮನೆಯವರನ್ನೆಲ್ಲ ಇಟಲಿಗೆ ಕರೆದೊಯ್ಯುವುದಾಗಿ ಹೇಳಿದರು. ಒಂಬತ್ತು ಜನ, ಐದು ಕೋಣೆ. ಗಾಲಿಕುರ್ಚಿಯಲ್ಲಿರುವ ಮುದಿ ತಾಯಿಗೆ ಹಾಸಿಗೆಯಿಂದಲೇ ಸಮುದ್ರ ಕಾಣಬೇಕು. ಮೂರು ಊರಿನ ಹೆಸರು ಕೊಡಿ, ಯಲ್ಲಾ, ಬೇಗ, ಎಂದು ಹೊರಟೇಹೋದರು.

ಶರ್ಲಿನ್ ಕಂಡ ಪರದೇಶ ಕುವೈತ್ ಒಂದೇ. ಕ್ಲೆಮೆಂಟ್ ಕಂಡದ್ದೂ ಅಷ್ಟೇ.

ಆಫೀಸಿನ ಕೆಲಸ ಎರಡು ಹೊತ್ತು: ಎಂಟರಿಂದ ಒಂದು, ನಾಲ್ಕರಿಂದ ಎಂಟು. ನಡುವಿನ ಮೂರು ಗಂಟೆ ಹತ್ತಿರದವರು ಮನೆಗೆ ಹೋಗಿ ಮಲಗುತ್ತಾರೆ. ಮಹಬೂಲಾದ ಶರ್ಲಿನ್‌ಗೂ ಫಿಂಟಾಸ್‌ನ ಕ್ಲೆಮೆಂಟ್‌ಗೂ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಆ ಮೂರು ಗಂಟೆ ಮುಗಿದುಹೋಗುತ್ತದೆ. ಹಾಗಾಗಿ ಎರಡು ವರ್ಷದಿಂದ ಇಬ್ಬರೂ ಆಫೀಸಿನಲ್ಲೇ ಡಬ್ಬಿ ಬಿಚ್ಚುತ್ತಿದ್ದರು. ಊಟವಾದ ಮೇಲೆ ಅವಳು ಮೇಜಿಗೆ ತಲೆಯಿಟ್ಟು ಮಲಗಿದರೆ, ಅವನು ಎದ್ದು ಅವಳ ಕಡೆಯ ಟ್ಯೂಬ್‌ಲೈಟ್ ಆರಿಸಿ ಬರುತ್ತಿದ್ದ. ಆರಿಸುವವನು ಅವನೇ ಎಂದು ಅವಳಿಗೆ ಗೊತ್ತಿತ್ತು. ಆ ವಿಷಯವನ್ನು ಇಬ್ಬರೂ ಎಂದೂ ಎತ್ತಿರಲಿಲ್ಲ.

ಕ್ಲೆಮೆಂಟ್ ಶಿರ್ವದವನು. ಶರ್ಲಿನ್ ಹುಟ್ಟಿ ಬೆಳೆದದ್ದು ಹಾಸನದಲ್ಲಿ. ಅವಳ ಕೊಂಕಣಿ ಕೇಳಿ ಅವನು ಮೊದಲ ದಿನವೇ ನಕ್ಕುಬಿಟ್ಟಿದ್ದ. ಅಂದಿನಿಂದ ಅವಳು ಅವನ ಜೊತೆ ಕನ್ನಡವನ್ನೇ ಆಡುತ್ತ, ಅವನ ಕರಾವಳಿ ಕನ್ನಡಕ್ಕೆ ನಗುತ್ತ ಸಾಲ ತೀರಿಸಿಕೊಳ್ಳುತ್ತಿದ್ದಳು.

ಇಟಲಿ ಬಂದ ಮೇಲೆ ಅವಳ ಮಧ್ಯಾಹ್ನದ ನಿದ್ದೆ ಹೋಯಿತು. ಕುರ್ಚಿ ಎಳೆದುಕೊಂಡು ಅವನ ಕಂಪ್ಯೂಟರಿನ ಮುಂದೆ ಕೂರತೊಡಗಿದಳು.

"ಪೊಸಿಟಾನೋ. ಎಷ್ಟು ಚೆನ್ನಾಗಿದೆ ನೋಡಿ."

"ಚಂದ ಉಂಟು. ಆದ್ರೆ ಇಡೀ ಊರು ಮೆಟ್ಟಿಲು. ಅಜ್ಜಿಯನ್ನು ಹೊತ್ಕೊಂಡು ಹತ್ತುದು ಯಾರು, ನೀವಾ?"

"ನಿಮ್ಮನ್ನೇ ಕಳಿಸೋಣ."

"ಹಾಗಾದ್ರೆ ಟಿಕೆಟ್ ಹತ್ತು ಮಾಡ್ಬೇಕು ಮಾರಾಯ್ರೆ."

"ಹನ್ನೊಂದು," ಎಂದಳು. ಅಂದ ಮರುಕ್ಷಣವೇ ಕಂಪ್ಯೂಟರಿನಲ್ಲಿ ಇಲ್ಲದ ಏನನ್ನೋ ಬಹಳ ಗಮನವಿಟ್ಟು ಓದತೊಡಗಿದಳು. ಅವನ ಕೈ ಮೌಸಿನ ಮೇಲೆ ಹಾಗೇ ನಿಂತಿತ್ತು.

ರಿಮಿನಿಯ ಮರಳ ದಂಡೆಯಲ್ಲಿ ಸಾಲುಸಾಲು ಕೊಡೆಗಳು. "ಶಾಲೆಯ ಡ್ರಿಲ್ಲಿಗೆ ನಿಲ್ಲಿಸಿದ ಹಾಗೆ ಉಂಟು," ಎಂದ ಕ್ಲೆಮೆಂಟ್. ವಿಯಾರೆಜ್ಜೊ ಚಪ್ಪಟೆ, ಅಗಲ, ಗಾಲಿಕುರ್ಚಿಗೆ ಹೇಳಿಮಾಡಿಸಿದ್ದು. ಅದನ್ನು ಬೇಡ ಅನ್ನಲು ಕಾರಣವೇ ಸಿಗಲಿಲ್ಲ, ಅದಕ್ಕೇ ಇಬ್ಬರಿಗೂ ಅದು ರುಚಿಸಲಿಲ್ಲ. ನಡುನಡುವೆ ಅವನು ಬುಕಿಂಗ್ ಫಾರ್ಮು ತುಂಬುತ್ತಿದ್ದ. ಮಾಲೀಕರ ಮನೆಯವರ ಹೆಸರುಗಳನ್ನು ಅವಳು ಓದಿ ಹೇಳಬೇಕು. ಒಂದಕ್ಷರ ಬಿಟ್ಟರೂ ಅವನು ಒಪ್ಪುತ್ತಿರಲಿಲ್ಲ.

"ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹೇಳಿ, ಶರ್ಲಿನ್ ಪ್ರೆಸಿಲ್ಲಾ ಡಿಸಿಲ್ವ."

"ಅಷ್ಟುದ್ದ ನಮ್ಮಪ್ಪನೂ ಕರೆದಿಲ್ಲ."

ಮೂರು ಗಂಟೆಗೆ ಹಾಲಿಲ್ಲದ ಚಹಾ ತರುತ್ತಿದ್ದ ಕಾಸಿಂ ಕುಂಞಿ, ಉಳ್ಳಾಲದ ಹಿರಿಯ, ಬಾಗಿಲಲ್ಲೇ ಕೇಳುತ್ತಿದ್ದರು: "ಎಂತ ಮಗಳೇ, ಇವತ್ತು ಇಟಲಿಯಲ್ಲಿ ಬಿಸಿಲು ಹೇಗುಂಟು?"

"ಇಲ್ಲಿಯಷ್ಟಿಲ್ಲ ಕಾಸಿಂಚ."

"ಇಲ್ಲಿಯೂ ಈಗ ಕಮ್ಮಿಯಾದ ಹಾಗೆ ಕಾಣ್ತದೆ," ಎಂದು ಕ್ಲೆಮೆಂಟ್‌ನ ಮುಖ ನೋಡಿ ಲೋಟ ಇಟ್ಟು ಹೋಗುತ್ತಿದ್ದರು.

ಕಮೋಗ್ಲಿ ಸಿಕ್ಕಿದ್ದು ಎರಡನೆಯ ವಾರ. ನೀರಿನ ಅಂಚಿಗೇ ಎತ್ತರದ ಮನೆಗಳು, ಅರಿಸಿನದ ಬಣ್ಣದವು, ಗುಲಾಬಿಯವು. ಶರ್ಲಿನ್ ಚಿತ್ರವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು.

"ಅಯ್ಯೋ, ಈ ಕಿಟಕಿ ಕಿಟಕಿ ಅಲ್ಲ ಕಣ್ರೀ. ಕಿಟಕಿ ಇಲ್ಲದ ಕಡೆ ಗೋಡೆ ಮೇಲೆ ಬಿಡಿಸಿದ್ದಾರೆ. ಬಾಗಿಲು, ಬಾಗಿಲಿನ ನೆರಳು, ಎಲ್ಲ ಬಣ್ಣ."

"ಗಾಳಿ ಬರ್ತದಾ ಅದರಲ್ಲಿ?"

"ನನ್ನ ರೂಮಿಗಿಂತ ಜಾಸ್ತಿ ಬರುತ್ತೆ."

ಅದು ತಮಾಷೆಯಲ್ಲ. ಮಹಬೂಲಾದ ಫ್ಲಾಟಿನ ನಡುಕೋಣೆಯನ್ನು ಪ್ಲೈವುಡ್ಡಿನಿಂದ ಎರಡು ಮಾಡಿದಾಗ ಕಿಟಕಿ ಜೊತೆಗಿದ್ದ ನರ್ಸ್ ಬ್ರಿಜಿಟ್ ಪಾಲಿಗೆ ಹೋಗಿತ್ತು. ಶರ್ಲಿನ್ ಪಾಲಿಗೆ ಬಂದದ್ದು ಮೂರು ಗೋಡೆ ಮತ್ತು ಪ್ಲೈವುಡ್. ಅಲ್ಲಿಂದ ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಅದು ಕೇಳಿಸುವುದೂ ಇಲ್ಲ, ಕಾಣಿಸುವುದೂ ಇಲ್ಲ.

ಆಮೇಲೆ ಒಂದು ವಾರ ಅವರಿಗೆ ಅದೇ ಆಟ. ಯಾವ ಕಿಟಕಿ ನಿಜ, ಯಾವುದು ಬಣ್ಣ? ಪಂದ್ಯದಲ್ಲಿ ಸೋತವರು ಮರುದಿನ ತಮ್ಮ ಡಬ್ಬಿಯ ಮೀನಿನ ತುಂಡು ಬಿಟ್ಟುಕೊಡಬೇಕು. ಮೂರನೆಯ ಮಹಡಿಯಲ್ಲಿ ಹಸಿರು ಬಾಗಿಲಿನ ಒಂದು ಕಿಟಕಿ ನಿಜವಾದದ್ದೆಂದು ಇಬ್ಬರೂ ಒಪ್ಪಿದರು.

"ಇಲ್ಲಿ ಕೂತು ಬೆಳಿಗ್ಗೆ ಟೀ ಕುಡಿಯೋದು," ಎಂದಳು.

"ಟೀ ನಾನು ಮಾಡುದಿಲ್ಲ."

"ನಿಮ್ಮನ್ನ ಯಾರು ಕರೆದ್ರು?"

"ಡಬಲ್ ರೂಮ್ ಅಂತ ಬರ್ದುಂಟಲ್ಲ, ನೋಡಿ."

ಇಬ್ಬರೂ ನಕ್ಕರು. ಕಾಸಿಂ ಕುಂಞಿಯ ಚಪ್ಪಲಿಯ ಸದ್ದು ಕೇಳಿದ್ದೇ ನಗು ನಿಂತಿತು. ಯಾರೋ ಬಂದಾಗ ನಿಲ್ಲಿಸಬೇಕಾದ ನಗು ಬೇರೆಯೇ ಜಾತಿಯದು ಎಂದು ಶರ್ಲಿನ್‌ಗೆ ಆಗ ಗೊತ್ತಾಯಿತು.

ಆ ಭಾನುವಾರ ಹಾಸನದಿಂದ ಅಮ್ಮನ ಫೋನು. ಮಸ್ಕತ್‌ನ ಹುಡುಗ, ಲ್ಯಾಬ್ ಟೆಕ್ನಿಷಿಯನ್, ಮನೆಯವರು ಅವಸರದಲ್ಲಿದ್ದಾರೆ, ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಶರ್ಲಿನ್ ಮರುದಿನ ಡಬ್ಬಿಯ ಮುಚ್ಚಳ ಹಾಕುತ್ತ ಕ್ಲೆಮೆಂಟ್‌ಗೆ ಹೇಳಿದಳು.

"ಹುಡುಗನ ಹೆಸರೆಂತ?"

"ರಿಯಾನ್."

"ಒಳ್ಳೆ ಜನ ಇರ್ಬೇಕು," ಎಂದು ಡ್ರಾಯರ್ ತೆರೆದು, ಆಗಲೇ ಜೋಡಿಸಿಟ್ಟಿದ್ದ ಪಾಸ್‌ಪೋರ್ಟುಗಳನ್ನು ಮತ್ತೆ ಜೋಡಿಸತೊಡಗಿದ.

ಅವಳಿಗೆ ಸಿಟ್ಟು ಬಂತು. ಆದರೆ ಅವನು ಬಾಯಿ ಬಿಡದ ಕಾರಣ ಅವಳಿಗೆ ಅರ್ಥವಾಗದ್ದೇನಲ್ಲ. ತಾನು ಬಾಯಿ ಬಿಡದಿದ್ದುದಕ್ಕೂ ಅದೇ ಕಾರಣ. ಇಬ್ಬರಿಗೂ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಬ್ಬನೇ. ಕೇಳಿ, ಬೇಡ ಅನ್ನಿಸಿಕೊಂಡರೆ, ಬೇರೆ ಕೆಲಸಕ್ಕೆ ಹೋಗಲು ಬೂ ತಲಾಲ್ ಬಿಡುವುದಿಲ್ಲ. ದಿನಕ್ಕೆ ಒಂಬತ್ತು ಗಂಟೆ, ಜೊತೆಗೆ ಆ ಮೂರು ಗಂಟೆ, ಅದೇ ಮುಖದ ಎದುರು ಕೂರಬೇಕು. ಪ್ರೀತಿಗೆ ಧೈರ್ಯ ಬೇಕು ಅನ್ನುವವರು ಯಾರೂ ಎದುರುಬದುರು ಮೇಜಿನಲ್ಲಿ ಕೂತವರಲ್ಲ.

ಬುಧವಾರ ಅವಳು ಪಟ್ಟಿ ಟೈಪ್ ಮಾಡಿದಳು. ರಿಮಿನಿ, ವಿಯಾರೆಜ್ಜೊ, ಕಮೋಗ್ಲಿ.

"ಕಮೋಗ್ಲಿ ತೆಗೀರಿ," ಎಂದ ಕ್ಲೆಮೆಂಟ್, ಅವಳ ಕಡೆ ನೋಡದೆ. "ಹೋಟೆಲಿಗೆ ಫೋನ್ ಮಾಡಿದೆ. ಜುಲೈ ಇಡೀ ಫುಲ್. ರೂಮ್ ಇಲ್ಲ."

ಅವಳು ಮೂರಕ್ಷರದ ಇನ್ಯಾವುದೋ ಊರು ಹಾಕಿ ಪಟ್ಟಿ ಕಳಿಸಿದಳು. ಹಸಿರು ಕಿಟಕಿಯಲ್ಲಿ ಯಾರೋ ಆಗಲೇ ಟೀ ಕುಡಿಯುತ್ತ ಕೂತಿದ್ದಾರೆ ಎನಿಸಿತು.

ಗುರುವಾರ ಅರ್ಧ ದಿನ. ಹನ್ನೆರಡೂವರೆಗೆ ಬೂ ತಲಾಲ್ ಬಂದರು. ಹಿಂದಿನ ದಿನ ಸಂಬಂಧಿಯೊಬ್ಬರು ಕಮೋಗ್ಲಿಯನ್ನು ಹೊಗಳಿದ್ದರಂತೆ. ಕ್ಲೆಮೆಂಟ್‌ನನ್ನು ಕೇಳಿದರೆ ಅಲ್ಲಿ ಫುಲ್ ಅಂದಿದ್ದನಂತೆ. ಆದರೂ ಇವರೇ ಫೋನ್ ಹಚ್ಚಿದರಂತೆ. ಸಮುದ್ರಕ್ಕೆ ಮುಖ ಮಾಡಿದ ಐದು ಕೋಣೆ ಖಾಲಿ ಇವೆಯಂತೆ.

"ಫುಲ್ ಅಂತ ನಿನಗೆ ಯಾರು ಹೇಳಿದರು, ಕ್ಲೆಮೆಂಟ್?"

ಕ್ಲೆಮೆಂಟ್ ಎದ್ದು ನಿಂತ. ಅಷ್ಟೂ ಜನರ ಇಕಾಮಾ ಮುಗಿಯುವ ತಾರೀಕನ್ನು ಬಾಯಿಪಾಠ ಹೇಳುವವನು ಮೇಜಿನ ಮೇಲಿನ ಕಾಗದಗಳನ್ನು ತಿರುವಿ ಹಾಕತೊಡಗಿದ. ಕಿವಿ ಕೆಂಪಾಗಿತ್ತು. ಅವನು ಯಾರಿಗೂ ಫೋನ್ ಮಾಡಿರಲೇ ಇಲ್ಲ ಎಂದು ಶರ್ಲಿನ್‌ಗೆ ಆ ಕಿವಿ ನೋಡಿಯೇ ತಿಳಿಯಿತು. ಯಾಕೆ ಎಂದು ಯೋಚಿಸಲು ಹೊತ್ತಿರಲಿಲ್ಲ.

"ಸರ್, ಅಲ್ಲಿ ಬರೀ ಮೆಟ್ಟಿಲು," ಎಂದಳು. "ದಂಡೆಯಲ್ಲಿ ಮರಳಿಲ್ಲ, ಕಲ್ಲು. ಅಮ್ಮನ ಕುರ್ಚಿ ಉರುಳೋದಿಲ್ಲ. ಅದಕ್ಕೇ ನಾವು ಬಿಟ್ಟಿದ್ದು. ರಿಮಿನಿಯಲ್ಲಿ ನೆಲ ಸಮ ಇದೆ."

ಅದೆಲ್ಲ ನಿಜವೇ ಆಗಿತ್ತು. ಬೂ ತಲಾಲ್ ತಾಯಿಯ ಕುರ್ಚಿಯನ್ನು ನೆನೆದುಕೊಂಡಂತೆ ನೆಲ ನೋಡಿದರು.

"ರಿಮಿನಿ. ಖಲಾಸ್," ಎಂದರು. ಬಾಗಿಲ ಬಳಿ ತಿರುಗಿ, "ಕ್ಲೆಮೆಂಟ್, ಕಲ್ಲಿದ್ದರೆ ಕಲ್ಲು ಅನ್ನು. ಫುಲ್ ಅನ್ನಬೇಡ," ಎಂದು ಹೋದರು.

ಬಸ್ಸಿನಲ್ಲಿ ಹೆಂಗಸರಿಗೆ ಮುಂದಿನ ಸೀಟು. ಅವನು ಹಿಂದೆಲ್ಲೋ ನಿಂತಿದ್ದ. ಒಂದು ಗಂಟೆಯ ದಾರಿಯುದ್ದಕ್ಕೂ ಅವಳಿಗೆ ತನ್ನ ಬೆನ್ನ ಮೇಲೆ ಅವನ ಕಣ್ಣು ಇದ್ದಂತೆಯೂ ಇಲ್ಲದಂತೆಯೂ ಅನಿಸಿತು. ಫಿಂಟಾಸ್ ಬಂತು, ಅವನು ಇಳಿದ. ಅವಳ ಸ್ಟಾಪು ಮುಂದಿತ್ತು. ಅವಳೂ ಇಳಿದಳು.

ಮಧ್ಯಾಹ್ನ ಎರಡೂಕಾಲು. ಬುದ್ಧಿ ಇದ್ದವರು ಯಾರೂ ಕಡಲಿಗೆ ಹೋಗದ ಹೊತ್ತು. ಇಬ್ಬರೂ ಕಡಲಿಗೇ ಹೋದರು. ಕಟ್ಟೆ ಕಾದ ಕಾವಲಿಯಾಗಿತ್ತು, ಕೂರುವಂತಿರಲಿಲ್ಲ. ನೀರು ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಅಲೆಯಿಲ್ಲದೆ ಬಿದ್ದುಕೊಂಡಿತ್ತು. ಅವನು ಹೇಳದೆಯೇ ಬಿಸಿಲಿನ ಕಡೆಗೆ ಸರಿದು ನಿಂತ. ಅವನ ನೆರಳು ಅವಳ ಮುಖದ ಅರ್ಧಕ್ಕೆ ಬಂತು.

"ಯಾಕೆ ಸುಳ್ಳು ಹೇಳಿದ್ರಿ?"

"ಅವರು ಹೋಗಿ ಬಂದ್ರೆ ಫೋಟೋ ತೋರಿಸ್ತಾರೆ."

"ತೋರಿಸಲಿ."

"ನಮ್ಮ ಕಿಟಕಿಯಲ್ಲಿ ಅವರ ಮಕ್ಕಳು ನಿಂತಿರ್ತಾರೆ." ಅವನು ನೀರನ್ನೇ ನೋಡುತ್ತಿದ್ದ. "ನನಗೆ ಅದು ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ. ನಾವು ಅಲ್ಲಿಗೆ ಹೋಗ್ಲಿಕ್ಕೂ ಇಲ್ಲ, ಅದೂ ಗೊತ್ತುಂಟು. ಆದ್ರೂ ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ಕೆಲಸ ಹೋಗ್ತಿತ್ತು ನಿಮ್ಮದು."

"ಹೌದು."

ಎರಡು ವರ್ಷದ ಮಧ್ಯಾಹ್ನಗಳಲ್ಲಿ ಒಂದೇ ಒಂದು ಚಂದದ ಮಾತು ಆಡದವನು ಒಂದು ಕಿಟಕಿಗಾಗಿ ಹೊಟ್ಟೆಪಾಡನ್ನೇ ಪಣಕ್ಕಿಟ್ಟಿದ್ದ. ಅದೂ ಬೇರೆಯವರ ದೇಶದ, ಬೇರೆಯವರ ಮನೆಯ ಕಿಟಕಿ. ದಡ್ಡತನಕ್ಕೂ ಒಂದು ಮಿತಿ ಬೇಕು ಎಂದುಕೊಂಡಳು. ಅಂದುಕೊಂಡರೂ ಕಣ್ಣು ತುಂಬಿತು. ಬಿಸಿಲಿಗೆ ಎಂಬಂತೆ ಅಂಗೈಯಿಂದ ಒರೆಸಿಕೊಂಡಳು.

"ನಾಳೆ ಶುಕ್ರವಾರ," ಎಂದಳು. "ಮಸ್ಕತ್‌ನವರಿಗೆ ಅಮ್ಮ ಉತ್ತರ ಕೊಡಬೇಕು. ಏನಂತ ಹೇಳಲಿ?"

ಅವನು ಮೊದಲ ಸಲ ಅವಳ ಕಡೆ ನೇರವಾಗಿ ತಿರುಗಿದ. ಹಣೆಯ ಬೆವರು ಹುಬ್ಬಿನವರೆಗೆ ಇಳಿದು ನಿಂತಿತ್ತು. ಅದನ್ನೂ ಒರೆಸಲಿಲ್ಲ.

"ಫುಲ್ ಅಂತ ಹೇಳು. ರೂಮ್ ಇಲ್ಲ."

"ಮತ್ತೆ ಸುಳ್ಳಾ?"

"ಈ ಸಲ ನಿಜ ಆಗ್ತದೆ. ನೀನು ಹೂಂ ಅಂದ್ರೆ."

ಅವಳು ಹೂಂ ಅನ್ನಲಿಲ್ಲ. ಬ್ಯಾಗಿನಿಂದ ಫೋನ್ ತೆಗೆದು ಹಾಸನದ ನಂಬರು ಒತ್ತಿದಳು. ಅಲ್ಲಿ ಸಂಜೆ ಐದಕ್ಕೆ ಹತ್ತಿರ, ಅಮ್ಮ ಎದ್ದೇ ಇರುತ್ತಾಳೆ. ರಿಂಗಾಗತೊಡಗಿತು. ಅವಳು ಫೋನನ್ನು ಒಂದಿಷ್ಟು ಕೆಳಗೆ ಹಿಡಿದು ಅವನನ್ನು ನೋಡಿದಳು.

"ಯಾರು ಬುಕ್ ಮಾಡಿದ್ದು ಅಂತ ಅಮ್ಮ ಕೇಳ್ತಾರೆ. ಹೆಸರು?"

"ಕ್ಲೆಮೆಂಟ್," ಎಂದ.

"ಪಾಸ್‌ಪೋರ್ಟಿನಲ್ಲಿ ಇರೋ ಹಾಗೆ."

ಅವನು ಗಂಟಲು ಸರಿಮಾಡಿಕೊಂಡು, ಕೌಂಟರಿನ ಮುಂದೆ ನಿಂತವನಂತೆ, ತನ್ನ ಪೂರ್ತಿ ಹೆಸರು ಹೇಳತೊಡಗಿದ. ಆ ಕಡೆ ಅಮ್ಮ ಫೋನೆತ್ತಿ ಹಲೋ, ಹಲೋ ಅನ್ನುತ್ತಿದ್ದಳು.