ನೂರ ಹತ್ತನೆಯ ದಿನದ ಕಾಯಿ

"ಏನ್ರೀ! ಇನ್ನೂ ಓಟೆನೇ ಬಲಿತಿಲ್ಲ, ಎಳೇ ಕಾಯಿ ಕೀಳ್ತಿದ್ದೀರಲ್ಲ?"

ಮಾವಿನ ಮರಕ್ಕೆ ಒರಗಿಸಿದ ಏಣಿಯ ಮೇಲಿದ್ದ ನಂದಿತಾ ಬೆಚ್ಚಿದಳು. ಕಾಲು ಜಾರಿತು... ಬೈದ ಶ್ರೀನಾಥನೇ ಓಡಿ ಬಂದು ಏಣಿ ಹಿಡಿದ. ಅವನ ಕಣ್ಣಲ್ಲಿ ಕೋಪಕ್ಕಿಂತ ಗಾಬರಿಯೇ ಹೆಚ್ಚಿತ್ತು.

"ನಿಮ್ಮಜ್ಜಿ ಆಂಜನಮ್ಮನವರನ್ನ ಕೇಳೇ ಹತ್ತಿದ್ದು," ಎಂದಳು ಸಾವರಿಸಿಕೊಂಡು. "ಕಾಯಿ ಹಣ್ಣಾಗೋವರೆಗೂ ಒಳಗೆ ಏನೇನು ಬದಲಾಗತ್ತೆ ಅಂತ ಸ್ಟಡಿ ಮಾಡ್ತಿದ್ದೀನಿ. ಪಿಎಚ್‌ಡಿಗೆ."

ದೊಡ್ಡನೆಕ್ಕುಂದಿಯ ಹೊಲಗಳೆಲ್ಲ ಫ್ಯಾಕ್ಟರಿಗಳಾದ ಮೇಲೂ ಶ್ರೀನಾಥನ ಮನೆಯ ಹಿತ್ತಿಲಲ್ಲಿ ಆ ಬಾದಾಮಿ ಮಾವಿನ ಮರ ಉಳಿದಿತ್ತು. ಆರಿಸಿದ ಕಾಯಿಗಳ ಫೋಟೋ ತೆಗೆದು, ಹೂ ಬಿಟ್ಟ ತಾರೀಖಿನ ಚೀಟಿಗಳನ್ನು ನಂದಿತಾ ತೊಟ್ಟಿಗೆ ಕಟ್ಟಿದ್ದಳು. ಅಂದಿನಿಂದ ಏಣಿ ಹಿಡಿಯುವ ಕೆಲಸ ಶ್ರೀನಾಥನದು. ಬೇಡವೆಂದರೂ ಬಿಡುವ ಆಸಾಮಿಯಲ್ಲ!

ವಾರಗಳು ಉರುಳಿದವು. ಓಟೆ ಗಟ್ಟಿಯಾಯಿತು.

"ಇನ್ಮೇಲೆ ಹುಳಿ ಇಳಿಯತ್ತೆ. ಪಿಷ್ಟ ಎಲ್ಲಾ ಸಕ್ಕರೆ ಆಗತ್ತೆ. ಹಸಿರು ಹೋಗಿ ಹಳದಿ ಬರತ್ತೆ..."

ಅವಳು ಹೇಳುತ್ತಿದ್ದರೆ ಅವನು ಪಾಠ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ಮನೆಗೆ ಹೋಗುವ ಬಸ್ಸಿನಲ್ಲಿ ಅವನದೇ ಯೋಚನೆಯಲ್ಲಿ, ತಾನು ಇಳಿಯಬೇಕಾದ ಕಾಕ್ಸ್ ಟೌನ್ ಸ್ಟಾಪ್ ದಾಟಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಹುಚ್ಚು ಹುಡುಗಿ!

ಮೇ ತಿಂಗಳು. ಹೂ ಬಿಟ್ಟು ನೂರ ಹತ್ತನೆಯ ದಿನ. ಮರದಲ್ಲೇ ಹಣ್ಣಾಗಬೇಕಿದ್ದ ಕೊನೆಯ ಚೀಟಿಯ ಕಾಯಿಯನ್ನು ಶ್ರೀನಾಥನೇ ಕಿತ್ತುಕೊಟ್ಟ. ಹಸಿರು ಹಸಿರು! ನಂದಿತಾ ಸಿಹಿ ಅಳೆಯುವ ಪುಟ್ಟ ಮೀಟರಿನ ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟಳು. ಎಂಟು. ಇಪ್ಪತ್ತರ ಹತ್ತಿರ ಇರಬೇಕಿತ್ತು.

"ನಾನು ಬರೆದ ಡೇಟೇ ತಪ್ಪಾಗಿದೆ... ಮೂರು ವರ್ಷದ ಕೆಲಸ ಪೂರ್ತಿ ವೇಸ್ಟ್!" ಅವಳ ಕಣ್ಣು ತುಂಬಿತು.

ಶ್ರೀನಾಥನಿಗೆ ತಡೆಯಲಾಗಲಿಲ್ಲ. "ತಪ್ಪು ನಿಮ್ದಲ್ಲ ರೀ. ನಿನ್ನೆ ನಾನೇ ಚೀಟಿ ಬಿಚ್ಚಿ, ತಡವಾಗಿ ಬಿಟ್ಟ ಕಾಯಿಗೆ ಕಟ್ಬಿಟ್ಟೆ. ಬದಲಿಸಿದ್ದು ಇದೊಂದೇ."

"ಯಾಕೆ?!"

"ಇದೇ ಕೊನೇದು ಅಂದ್ರಲ್ಲ... ಹಣ್ಣಾಗಿಲ್ಲ ಅಂದ್ರೆ ಇನ್ನೊಂದೆರಡು ವಾರ ಬರ್ತೀರ ಅಂದ್ಕೊಂಡೆ."

"ನಿಮ್ಮನ್ನ ನಂಬಿದ್ದೆ ನಾನು!"

ಬ್ಯಾಗು ಹೆಗಲಿಗೇರಿಸಿ ಗೇಟಿನತ್ತ ನಡೆದೇಬಿಟ್ಟಳು. ಕೋಪದಲ್ಲೂ 'ನನಗೋಸ್ಕರ ಮಾಡಿದ್ದಾನಲ್ಲ...' ಎಂದು ಹಾಳು ಮನಸ್ಸು ಅವನ ಪರವಾಗಿಯೇ ವಾದಿಸುತ್ತಿತ್ತು.

"ನಂದಿತಾ!"

ಅವಳು ತಿರುಗಿದಳು. ಅವಸರದಲ್ಲಿ ಮರ ಹತ್ತಿ ಇಳಿದಿದ್ದ ಅವನ ಮೊಣಕೈ ತರಚಿತ್ತು. ಅಂಗೈಯಲ್ಲಿ ಹೊನ್ನಿನ ಬಣ್ಣದ ಹಣ್ಣು.

"ನಿಮ್ಮ ಹಣ್ಣು ಇದು. ತಗೊಂಡ್ಹೋಗಿ. ಓದು ಮುಗ್ಸಿ. ನಾನಿನ್ನು ಅಡ್ಡ ಬರಲ್ಲ."

ಅವಳು ಫೋನಿನ ಹಳೆಯ ಫೋಟೋ ತೆಗೆದು ಹೋಲಿಸಿದಳು. ತೊಟ್ಟಿನ ಪಕ್ಕ ಅದೇ ಮಚ್ಚೆ. ಮೀಟರಿನ ಮೇಲೆ ಅದರ ಒಂದು ಹನಿ ರಸ ಬಿಟ್ಟಳು. ಇಪ್ಪತ್ತೊಂದು! ಸುತ್ತೆಲ್ಲ ಮಾವಿನ ಘಮ. ಆಚೆ ರಸ್ತೆಯ ಹಾರನ್ನುಗಳೆಲ್ಲ ಎಲ್ಲೋ ದೂರ ಸರಿದಂತಾಯಿತು...

"ನಂದೂ ಒಂದು ತಪ್ಪಿದೆ," ಎಂದಳು ಮೆಲ್ಲಗೆ. "ಈ ಸ್ಟಡಿಗೆ ಐದು ಸಲ ಬಂದಿದ್ರೆ ಸಾಕಿತ್ತು."

ಅವನು ಬೆರಳು ಮಡಿಸಿ ಎಣಿಸಿದ. "ಹದಿಮೂರು ಸಲ ಬಂದ್ರಲ್ಲ!"

"ಉಳಿದ ಎಂಟು ಸಲ ಕಾಯಿ ನೋಡೋಕೆ ಬಂದಿದ್ದಲ್ಲ, ಶ್ರೀನಾಥ್."

ಅವನು ಮೆಲ್ಲನೆ ಕೇಳಿದ, "ಮುಂದಿನ ವಾರ ಏನಂತ ಹೇಳ್ಕೊಂಡು ಬರ್ತೀರ?"

"ನಿಮ್ಮನ್ನ ನೋಡೋಕೆ ಬಂದೆ ಅಂತ... ಅಜ್ಜಿಗೇ ಹೇಳ್ತೀನಿ!"