ಹದಿನೇಳನೇ ಪುಟ

“ನೀವು ಇವರನ್ನ ಒಂದು ಸಲವಾದ್ರೂ ನೋಡಿದ್ದುಂಟಾ?”

ಕೇಳಿದವನು ಗಡ್ಡದ ಹುಡುಗ. ಕೈಯಲ್ಲಿ ಸಿಂಚನಾ ಬರೆದ ಹಾಳೆಗಳು. ಅವನ ಮುಖದಲ್ಲಿ ನಗುವಿರಲಿಲ್ಲ, ಕೋಪವೂ ಇರಲಿಲ್ಲ. ಅವಳಿಗೆ ಹೆಚ್ಚು ಸಿಟ್ಟು ಬಂದದ್ದೇ ಅದಕ್ಕೆ!

“ಯಾರನ್ನ?”

“ಶಾಂತಮ್ಮನನ್ನ. ನೀವು ಕಥೆ ಬರೆದಿದ್ದೀರಲ್ಲ, ಆ ಶಾಂತಮ್ಮನನ್ನ.”

ಅದು ಎರ್ನಾಕುಲಂನ ಕಲೂರ್ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಕನ್ನಡ ಸಂಘದ ಚಿಕ್ಕ ಕೋಣೆ. ಎರಡು ಸಾವಿರದ ಎಂಟನೇ ಇಸವಿ. ಸಂಘದ ಕಾರ್ಯದರ್ಶಿ ಅಪ್ಪಣ್ಣನವರು ಇಬ್ಬರ ಮುಖವನ್ನೂ ನೋಡಿ, ಚಹಾ ತರಿಸುವ ನೆಪ ಮಾಡಿಕೊಂಡು ಮೆಲ್ಲಗೆ ಹೊರಗೆ ಜಾರಿಕೊಂಡರು. ಬುದ್ಧಿವಂತರು!

ಇದೆಲ್ಲ ಶುರುವಾದದ್ದು ಅವರ ಆಸೆಯಿಂದಲೇ. ಕೇರಳದಲ್ಲಿ ಬೆಳೆಯುತ್ತಿದ್ದ ಕನ್ನಡದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತಿತ್ತು. ಅವರ ಕೈಗೆ ಸಾಧಕಿಯರ ಜೀವನದ ಚಿತ್ರಪುಸ್ತಕಗಳನ್ನು ಕೊಡಬೇಕು ಎಂದು ಅಪ್ಪಣ್ಣನವರು ಹಟ ಹಿಡಿದಿದ್ದರು. ಮೊದಲ ಪುಸ್ತಕ ಏಲೂರಿನ ಶಾಂತಮ್ಮನದು. ಹುಬ್ಬಳ್ಳಿಯಿಂದ ಬಂದು ಗೊಬ್ಬರದ ಕಾರ್ಖಾನೆಯ ಪ್ರಯೋಗಾಲಯ ಸೇರಿದವರು ಅವರು. ಹೆಂಗಸರು ಹತ್ತುವಂತಿಲ್ಲ ಎಂದಿದ್ದ ಅಲ್ಲಿನ ಎತ್ತರದ ಗೋಪುರವನ್ನು ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತಿ, ತುದಿಯಿಂದ ಗೊಬ್ಬರದ ಮಾದರಿ ತಂದಿದ್ದರು.

ಮಾತು ಬರೆಯುವವಳು ಮೈಸೂರಿನ ಸಿಂಚನಾ, ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ. ಚಿತ್ರ ಬರೆಯುವವನು ಕಾಸರಗೋಡಿನ ದಿನಕರ, ತಿರುವನಂತಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು.

“ಸಂಘದ ಸ್ಮರಣ ಸಂಚಿಕೆಯಲ್ಲಿ ಅವರ ಬಗ್ಗೆ ಲೇಖನ ಇತ್ತು. ಓದಿ ಬರೆದೆ. ಅದರಲ್ಲೇನ್ರೀ ತಪ್ಪು?”

“ತಪ್ಪು ಅಂತ ಅಲ್ಲ. ‘ಧೀರ ಮಹಿಳೆ’ ಅಂತ ಬರೆದಿದ್ದೀರಿ. ಆ ಧೀರ ಮಹಿಳೆಯ ಕಾಲಿಗೆ ನಾನು ಯಾವ ಚಪ್ಪಲಿ ಹಾಕ್ಲಿ? ಗೋಪುರ ಹತ್ತುವಾಗ ಎಂತ ಹಾಕಿದ್ರು ಅವರು? ಮಕ್ಕಳು ಮೊದಲು ಕೇಳೋದೇ ಅದನ್ನ.”

ಸಿಂಚನಾ ಹಾಳೆಗಳನ್ನು ಅವನ ಕೈಯಿಂದ ಕಿತ್ತುಕೊಂಡಳು. ಕೆನ್ನೆ ಬಿಸಿಯಾಯಿತು. ‘ಎಷ್ಟು ಅಹಂಕಾರ ಇವನಿಗೆ!’ ಎಂದುಕೊಂಡಳು.

“ಹಾಗಾದ್ರೆ ಹೋಗಿ ಕೇಳೋಣ. ಬರ್ತೀರಾ?” ಎಂದಳು, ಜಗಳಕ್ಕೆ ಕರೆಯುವ ದನಿಯಲ್ಲಿ.

“ಬರ್ತೇನೆ. ಈಗಲೇ ಹೋಗುವಾ?”

ಹಾಗೆ, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಬಸ್ಸಿನಲ್ಲಿ ಇಬ್ಬರೂ ಏಲೂರಿಗೆ ಹೋದರು.

ಶಾಂತಮ್ಮ ಇಬ್ಬರನ್ನೂ ಕೂರಿಸಿ ಅವಲಕ್ಕಿ ಕೊಟ್ಟರು. ಚಪ್ಪಲಿಯ ಪ್ರಶ್ನೆ ಕೇಳಿ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

“ಬರಿಗಾಲವಾ! ಕಬ್ಬಿಣದ ಮೆಟ್ಲು, ಚಪ್ಪಲಿ ಜಾರತಿತ್ತು. ಹತ್ತೋದೇನೋ ಹತ್ತಿದೆ. ಮ್ಯಾಲೆ ನಿಂತು ಕೆಳಗ ನೋಡಿದೆ ನೋಡು... ಎದಿ ಝಲ್ಲಂತು. ಅಲ್ಲೇ ಕುಂತು ಗೊಳೋ ಅಂತ ಅತ್ತುಬಿಟ್ಟೆ. ಆಮ್ಯಾಲೆ ಮೂಗು ಒರಸ್ಕೊಂಡು ಮಾದರಿ ತಗೊಂಡು ಇಳದೆ. ಇದನ್ನ ಯಾರೂ ಬರದಿಲ್ಲ.”

ಸಿಂಚನಾ ಆ ಸಂಜೆಯೇ ತನ್ನ ಹಳೆಯ ಹಾಳೆಗಳನ್ನು ಹರಿದು ಹಾಕಿದಳು. ದಿನಕರ ಅದನ್ನು ನೋಡಿದ. ಮೊದಲ ಸಲ ನಕ್ಕ. ಆ ನಗು ಚೆನ್ನಾಗಿತ್ತು, ಅದೇ ತೊಂದರೆಯಾಯಿತು!

ಆಮೇಲಿನ ಭಾನುವಾರಗಳೆಲ್ಲ ಪುಸ್ತಕದ್ದೇ. ಅವನು ತಿರುವನಂತಪುರದಿಂದ ರೈಲು ಹತ್ತಿ ಬರುತ್ತಿದ್ದ. ಪೆನ್ಸಿಲ್ಲಿನಲ್ಲಿ ಗೀಚಿ, ಹೊಲಿದ ಕಚ್ಚಾ ಪುಸ್ತಕವೊಂದಿತ್ತು, ಅದಕ್ಕೆ ಡಮ್ಮಿ ಎನ್ನುತ್ತಿದ್ದರು. ಅದರಲ್ಲಿ ಅವನು ಎಲ್ಲಿ ಬಿಳಿ ಜಾಗ ಬಿಟ್ಟಿರುತ್ತಾನೋ ಅಲ್ಲಿ ಅವಳು ಮಾತು ತುಂಬಬೇಕು. ಕೆಲಸ ಮುಗಿದ ಮೇಲೆ ಎರ್ನಾಕುಲಂ ಸ್ಟೇಷನ್ನಿನ ಸಿಮೆಂಟು ಬೆಂಚಿನ ಮೇಲೆ ಕೂತು, ಬಾಳೆಹಣ್ಣು ಕರಿದ ಪಳಂಪೊರಿ ತಿಂದು, ಚಹಾ ಕುಡಿದು, ಅವನ ರೈಲಿಗೆ ಕಾಯುವುದು.

ರೈಲು ತಡವಾದಷ್ಟೂ ಸಿಂಚನಾಳಿಗೆ ಖುಷಿ. ಯಾಕೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು.

‘ಇವನು ಯಾಕೆ ಏನೂ ಹೇಳಲ್ಲ? ನಾನೇ ಏನೇನೋ ಕಲ್ಪಿಸಿಕೊಳ್ತಾ ಇದ್ದೀನಾ? ಒಂದು ಮಾತು... ಒಂದೇ ಒಂದು ಮಾತು ಹೇಳಬಾರದಾ!’

ಅವನು ಹೇಳಲಿಲ್ಲ. ಬದಲಿಗೆ ಒಂದು ಕೆಲಸ ಮಾಡಿದ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಡುವುದು ನನ್ನಿಂದಾಗದು.

ಪುಸ್ತಕಕ್ಕೆ ಇದ್ದದ್ದು ಹದಿನಾರು ಪುಟ. ಪ್ರೆಸ್ಸಿನವರ ದೊಡ್ಡ ಹಾಳೆಯನ್ನು ಮಡಚಿದರೆ ಸಿಗುವುದು ಅಷ್ಟೇ, ಒಂದು ಪುಟ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೊನೆಯ ಡಮ್ಮಿಯಲ್ಲಿ ದಿನಕರ ಹದಿನೇಳನೆಯದೊಂದು ಪುಟ ಸೇರಿಸಿ ಹೊಲಿದ. ಸ್ಟೇಷನ್ನಿನ ಬೆಂಚು, ಪಕ್ಕದಲ್ಲಿ ಎರಡು ಚಹಾದ ಲೋಟ. ಕನ್ನಡಕದ ಹುಡುಗಿಯೊಬ್ಬಳು, ಗಡ್ಡದ ಹುಡುಗನೊಬ್ಬ. ಹುಡುಗ ಅವಳ ಕಡೆ ತಿರುಗಿದ್ದಾನೆ. ಹುಡುಗಿಯ ತಲೆಯ ಮೇಲೆ, ಮಾತು ಬರೆಯಲೆಂದು ಬಿಟ್ಟ ದುಂಡನೆಯ ಬಿಳಿ ಜಾಗ.

ಅವಳು ಅಲ್ಲಿ ಏನು ಬರೆಯುತ್ತಾಳೋ ಅದೇ ಉತ್ತರ ಎಂದು ನಿರ್ಧರಿಸಿ, ಎದೆ ಡವಡವ ಎನ್ನುತ್ತಿದ್ದಂತೆ ಕೊರಿಯರ್ ಮಾಡಿದ. ಬಾಯಲ್ಲಿ ಹೇಳಲು ಧೈರ್ಯವಿಲ್ಲದ ಕಲಾವಿದನ ಬುದ್ಧಿ ನೋಡಿ!

ಅದು ಸಿಂಚನಾಳ ಮೇಜಿಗೆ ಬಂದಾಗ ಆಫೀಸಿನಲ್ಲಿ ಬೆಂಕಿ ಬಿದ್ದಷ್ಟು ಕೆಲಸ. ಮ್ಯಾನೇಜರ್ ತಲೆಯ ಮೇಲೆ ನಿಂತಿದ್ದರು. ಅತ್ತ ಪ್ರೆಸ್ಸಿನಿಂದ ಫೋನ್: “ಮೇಡಂ, ಇವತ್ತೇ ಹೇಳ್ಬೇಕು, ಹದಿನಾರೇ ತಾನೆ?” ಅವಳು ಊಟದ ಡಬ್ಬಿಯ ಪಕ್ಕ ಡಮ್ಮಿ ಇಟ್ಟು ಸರಸರ ತಿರುವಿದಳು. ಹದಿನಾಲ್ಕು, ಹದಿನೈದು, ಹದಿನಾರು... ಹದಿನೇಳು?

ಶಾಂತಮ್ಮ ಮತ್ತು ಅವರ ಗಂಡ ಸ್ಟೇಷನ್ನಿನಲ್ಲಿ ಕೂತ ಚಿತ್ರವೇನೋ ಎಂದುಕೊಂಡಳು. ಸರಿಯಾಗಿ ನೋಡಲೂ ಇಲ್ಲ. ಕೆಂಪು ಪೆನ್ನು ತೆಗೆದು, ಆ ದುಂಡನೆಯ ಬಿಳಿ ಜಾಗದ ಒಳಗೇ ಬರೆದಳು:

‘ಇದು ಬೇಡ. ಇದಕ್ಕೆ ಇಲ್ಲಿ ಜಾಗವಿಲ್ಲ. ತೆಗೆದುಬಿಡಿ.’

ಅಯ್ಯೋ ಹುಡುಗಿ!

ಡಮ್ಮಿಯನ್ನು ಅಂದೇ ಅವನಿಗೆ ವಾಪಸು ಕೊರಿಯರ್ ಮಾಡಿದಳು. ಎರಡು ದಿನದ ಮೇಲೆ ಅವನಿಂದ ಮೆಸೇಜ್ ಬಂತು. ‘ಸರಿ. ಅರ್ಥವಾಯಿತು.’

ಅಷ್ಟೇ. ಆ ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಫೋನ್ ಮಾಡಿದರೆ, “ಸ್ವಲ್ಪ ಕೆಲಸ ಉಂಟು, ಆಮೇಲೆ ಮಾತಾಡುವ” ಎಂಬ ಒಣ ಮಾತು. ಕೊನೆಗೆ ಬಣ್ಣ ಹಚ್ಚಿದ ಹದಿನಾರು ಚಿತ್ರಗಳು ಡಮ್ಮಿಯ ಸಮೇತ ಕಲೂರಿಗೆ ಬಂದವು. ಚಿತ್ರಗಳು ಕಣ್ಣಿಗೆ ಕಟ್ಟುವಂತಿದ್ದವು. ಜೊತೆಗೆ ಒಂದು ಸಾಲೂ ಇರಲಿಲ್ಲ.

“ಮುಂದಿನ ಪುಸ್ತಕಕ್ಕೆ ಬೇರೆ ಕಲಾವಿದರನ್ನ ನೋಡ್ಕೊಳ್ಳಿ ಅಂದ್ಬಿಟ್ಟನಮ್ಮಾ ದಿನಕರ,” ಎಂದರು ಅಪ್ಪಣ್ಣನವರು. “ಏನಾದ್ರೂ ಮನಸ್ತಾಪ ಆಯ್ತಾ ನಿಮ್ಮಿಬ್ಬರಿಗೆ?”

“ಇಲ್ಲ ಸರ್...” ಎಂದಳು.

‘ಓಹೋ. ಪುಸ್ತಕ ಮುಗೀತು, ನಾನೂ ಮುಗಿದೆ. ಅವನಿಗೆ ಬೇಕಾಗಿದ್ದು ಬರೆಯೋಳು ಒಬ್ಬಳು, ಅಷ್ಟೇ. ಬೆಂಚು, ಚಹಾ, ನಗು... ಎಲ್ಲ ನನ್ನದೇ ಹುಚ್ಚು.’

ಹಾಸ್ಟೆಲ್ಲಿನ ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಅತ್ತರೂ ಹಗುರಾಗಲಿಲ್ಲ. ಅವನನ್ನು ಕಳೆದುಕೊಂಡೆ ಎನ್ನಲು, ಅವನು ತನ್ನವನಾಗಿದ್ದನೆಂಬ ನಂಬಿಕೆಯೂ ಅವಳಿಗಿರಲಿಲ್ಲ.

ಆದರೆ ಒಂದು ಕೆಲಸ ಬಾಕಿಯಿತ್ತು. ಅಚ್ಚಿಗೆ ಹೋಗುವ ಮೊದಲು ಪುಸ್ತಕವನ್ನು ಶಾಂತಮ್ಮನಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು, ಅದು ಅಪ್ಪಣ್ಣನವರ ಕಟ್ಟಪ್ಪಣೆ. ಶುಕ್ರವಾರ ರಜೆ ಹಾಕಿ, ಚಿತ್ರಗಳನ್ನೂ ಡಮ್ಮಿಯನ್ನೂ ಹಿಡಿದು ಏಲೂರಿಗೆ ಒಬ್ಬಳೇ ಹೋದಳು.

ಶಾಂತಮ್ಮ ಭೂತಗನ್ನಡಿ ಹಿಡಿದು ಒಂದೊಂದೇ ಚಿತ್ರ ನೋಡಿದರು. ಗೋಪುರದ ತುದಿಯಲ್ಲಿ ಬರಿಗಾಲಿನಲ್ಲಿ ಕೂತು ಅಳುವ ತಮ್ಮನ್ನು ಬಹಳ ಹೊತ್ತು ನೋಡಿ, “ನಾನಽ ನೋಡವಾ ಇದು” ಎಂದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಡಮ್ಮಿ ಎತ್ತಿಕೊಂಡು ಅದನ್ನೂ ತಿರುವುತ್ತಾ ಹೋದರು. ಕೊನೆಯ ಪುಟಕ್ಕೆ ಬಂದು ನಿಂತರು.

“ಇದು ಯಾರವಾ?”

“ನೀವೇ ಅಲ್ವಾ ಅಮ್ಮಾ? ನಿಮ್ಮ ಯಜಮಾನ್ರ ಜೊತೆ.”

“ನಾನಾ? ಆ ವಯಸ್ಸಿನಾಗ ನಾ ಎಲ್ಲಿ ಕನ್ನಡಕ ಹಾಕ್ತಿದ್ದೆ? ನಮ್ಮನಿಯವರಿಗೆ ಗಡ್ಡ ಅಂದ್ರ ಆಗ್ತಿರಲಿಲ್ಲ, ದಿನಾ ಬೆಳಿಗ್ಗೆ ಬೋಳಿಸವರು.” ಭೂತಗನ್ನಡಿ ಹತ್ತಿರ ತಂದರು. “ಈ ಚೀಲ ನೋಡು. ಪಟ್ಟಿ ಹರದು ಗಂಟು ಹಾಕಿದ್ದು. ನಿನ್ನ ಹೆಗಲ ಮ್ಯಾಲೆ ಐತಲ್ಲ, ಅದಽ ಗಂಟು!”

ಸಿಂಚನಾ ಡಮ್ಮಿಯನ್ನು ಕಸಿದುಕೊಂಡಳು.

ಬೆಂಚು. ಎರಡು ಲೋಟ. ತನ್ನ ಕನ್ನಡಕ. ತನ್ನ ಚೀಲ. ತನ್ನ ಕಡೆಗೆ ತಿರುಗಿದ ಅವನ ಮುಖ... ಪೆನ್ಸಿಲ್ಲಿನ ನಾಲ್ಕೇ ಗೆರೆಗಳಲ್ಲಿ ಅವನ ಆಸೆಯೆಲ್ಲ ಇತ್ತು.

“ಹಂಗಾದ್ರ ಇಲ್ಲಿ ಕೆಂಪಕ್ಷರದಾಗ ‘ಬೇಡ’ ಅಂತ ಬರದಾಕಿ ಯಾರು?”

“ನಾನೇ ಅಮ್ಮಾ...” ಎಂದಳು. “ನೋಡದೇ ಬರೆದುಬಿಟ್ಟೆ. ಪುಟ ಹೆಚ್ಚಾಯ್ತು ಅಂತ...”

“ಪಾಪ, ಆ ಹುಡುಗ!” ಶಾಂತಮ್ಮ ಹಣೆ ಬಡಿದುಕೊಂಡರು. ಬಡಿದುಕೊಂಡವರೇ ನಗತೊಡಗಿದರು. “ಇನ್ನೂ ಯಾಕ ಕುಂತಿ? ಏಳು, ಹೋಗು!”

ಶನಿವಾರ ಬೆಳಿಗ್ಗೆ ತಿರುವನಂತಪುರದ ರೈಲು. ಕಿಟಕಿಯ ಪಕ್ಕ ಕೂತ ಸಿಂಚನಾಳಿಗೆ ಆಲಪ್ಪುಳ ಹೋದದ್ದೂ ಕೊಲ್ಲಂ ಬಂದದ್ದೂ ತಿಳಿಯಲಿಲ್ಲ. ಒಮ್ಮೆ ಖುಷಿಯಿಂದ ಕಣ್ಣು ತುಂಬುತ್ತಿತ್ತು, ಮರುಕ್ಷಣ ಹೆದರಿಕೆ ಹಿಡಿಯುತ್ತಿತ್ತು. ‘ಅವನು ಮನಸ್ಸು ಗಟ್ಟಿ ಮಾಡ್ಕೊಂಡು ಬಿಟ್ಟಿದ್ರೆ? ಹೋಗಿ ಅಂತ ಅಂದುಬಿಟ್ರೆ?’

ಶನಿವಾರ ಅವನು ಮ್ಯೂಸಿಯಂ ತೋಟದಲ್ಲಿ ಕನ್ನಡದ ಮಕ್ಕಳಿಗೆ ಚಿತ್ರ ಕಲಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಅಲ್ಲೇ ಇದ್ದ, ಮರದ ನೆರಳಲ್ಲಿ, ಸುತ್ತ ಮಕ್ಕಳು. ಅವನು ಕನ್ನಡದಲ್ಲಿ ಹೇಳಿಕೊಡುತ್ತಿದ್ದ, ಅವರು ಮಲಯಾಳದಲ್ಲಿ ಗಲಾಟೆ ಮಾಡುತ್ತಿದ್ದರು.

“ಸಾರ್, ಒರು ಚೇಚಿ ವನ್ನು!” ಎಂದು ಪುಟ್ಟ ಹುಡುಗಿಯೊಬ್ಬಳು ಕೂಗಿದಳು.

ಅವನು ತಿರುಗಿದ. ಬಂದ ಅಕ್ಕ ಯಾರೆಂದು ನೋಡಿ ಎದ್ದು ನಿಂತ. ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು.

“ನೀವಾ? ಎಂತ... ಪುಸ್ತಕದಲ್ಲಿ ಏನಾದ್ರೂ ತೊಂದರೆ ಆಯ್ತಾ?”

ಸಿಂಚನಾ ಡಮ್ಮಿ ಬಿಡಿಸಿ ಅವನ ಮುಂದೆ ಹಿಡಿದಳು.

“ಇವಳು ಯಾರು?”

ಅವನ ಮುಖ ಬಾಡಿತು. “ಬಿಡಿ ಅದನ್ನ. ನೀವು ಬೇಡ ಅಂದ್ರಿ, ಮುಗೀತಲ್ಲ. ನನಗೆ ಬೇಸರ ಇಲ್ಲ.”

“ನಾನು ಬೇಡ ಅಂದಿದ್ದು ಪುಟ!”

“ಅಂದ್ರೆ?”

“ಹದಿನಾರು ಪುಟದ ಪುಸ್ತಕ ರೀ ಅದು! ಪ್ರೆಸ್ಸಿನವರು ಫೋನಲ್ಲಿ ಕಾಯ್ತಾ ಇದ್ರು. ಹದಿನೇಳು ಕಂಡಿದ್ದೇ ಬೇಡ ಅಂತ ಬರೆದೆ. ಶಾಂತಮ್ಮನ ಚಿತ್ರ ಅಂದ್ಕೊಂಡೆ. ನಾನು... ನಾನು ನೋಡ್ಲೇ ಇಲ್ಲ ದಿನಕರ್. ಶಾಂತಮ್ಮ ತೋರಿಸೋವರೆಗೂ ನನಗೆ ಗೊತ್ತೇ ಇರಲಿಲ್ಲ!”

ಅವನು ಅವಳನ್ನೇ ನೋಡಿದ. ಕೆಂಪಕ್ಷರಗಳನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ಆಮೇಲೆ ಹುಲ್ಲಿನ ಮೇಲೆ ಕೂತುಬಿಟ್ಟ.

“ದೇವರೇ... ಹಾಗಾದ್ರೆ ಇದು ನನಗೆ ಬರೆದದ್ದಲ್ವಾ?”

“ಅಲ್ಲ.”

“‘ಇದಕ್ಕೆ ಇಲ್ಲಿ ಜಾಗವಿಲ್ಲ’ ಅಂತ ಓದಿ ಎರಡು ದಿನ ಊಟ ಸೇರಲಿಲ್ಲ ಮಾರಾಯ್ತಿ ನನಗೆ! ನಿಮ್ಮ ಮನಸ್ಸಲ್ಲಿ ಜಾಗ ಇಲ್ಲ ಅಂತ...”

“ಪುಸ್ತಕದಲ್ಲಿ ಇಲ್ಲ ಅಂದೆ! ಪುಸ್ತಕದಲ್ಲಿ!”

ಅವನು ನಕ್ಕ. ಮೊದಲು ಮೆಲ್ಲಗೆ, ಆಮೇಲೆ ತಡೆಯಲಾಗದೆ. ಅವಳೂ ಅವನ ಪಕ್ಕ ಕುಸಿದು ಕೂತು, ಅಳುತ್ತ ನಗತೊಡಗಿದಳು. ವಾರಗಟ್ಟಲೆ ಎದೆಯ ಮೇಲಿದ್ದ ಭಾರ ಇಳಿದುಹೋಗಿತ್ತು, ಉಸಿರಾಡುವುದೇ ಸುಖ ಎನಿಸಿತು.

“ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?” ಕಣ್ಣೊರೆಸಿಕೊಂಡು ಗದರಿದಳು.

“ಹೆದರಿಕೆ. ನೀವು ಮಾತಿನವರು. ನಾನು ತಪ್ಪು ಮಾತು ಹೇಳಿ, ಭಾನುವಾರವೂ ತಪ್ಪಿಹೋದ್ರೆ ಅಂತ.”

“ನನಗೆ ನೀವಿಲ್ಲದ ಭಾನುವಾರ ಬೇಡ,” ಎಂದಳು ಸಿಂಚನಾ. “ಸೋಮವಾರವೂ ಬೇಡ. ನಾನು ಹೇಳಿದೆ ನೋಡಿ. ಈಗ ನಿಮ್ಮ ಸರದಿ. ಚಿತ್ರ ಬರೆಯೋ ಹಾಗಿಲ್ಲ.”

ಮಕ್ಕಳೆಲ್ಲ ಬಣ್ಣ ಬಿಟ್ಟು ಇವರನ್ನೇ ನೋಡುತ್ತಿದ್ದರು. ದಿನಕರ ಕೆಮ್ಮಿದ. ಹುಲ್ಲಿನ ಎಸಳೊಂದನ್ನು ಕಿತ್ತು ಅದನ್ನೇ ನೋಡುತ್ತ ಹೇಳಿದ:

“ನನಗೆ... ನಿಮ್ಮನ್ನ ತುಂಬ ಇಷ್ಟ ಸಿಂಚನಾ. ನಿಮ್ಮ ಜೊತೆಯೇ ಬದುಕಬೇಕು ಅಂತ ಉಂಟು.”

ಅವಳು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

“ಅಯ್ಯೋ, ಎಂತಾಯ್ತು? ಮತ್ತೆ ಯಾಕೆ ಅಳೋದು?”

“ಏನಿಲ್ಲ... ಇನ್ನೊಂದ್ಸಲ ಹೇಳಿ.”

“ಮಕ್ಕಳು ನೋಡ್ತಾ ಇದ್ದಾರೆ!”

“ನೋಡ್ಲಿ. ಹೇಳಿ.”

ಅವನು ಹುಲ್ಲಿನ ಎಸಳನ್ನು ಬಿಸಾಕಿದ. ಈ ಸಲ ಅವಳ ಮುಖ ನೋಡಿಕೊಂಡೇ ಹೇಳಿದ.