ಬಾದಾಮಿ ಮರ ಇದ್ದ ಜಾಗ

"ನನ್ನ ಬಾಗಿಲ ಮುಂದೆ ಗುಂಡಿ ತೋಡೋಕೆ ಯಾರ್ರೀ ಹೇಳಿದ್ದು ನಿಮಗೆ?"

ಗುದ್ದಲಿ ಹಿಡಿದವನು ತಿರುಗಿದ. ಬಾಗಿಲಲ್ಲಿ ನಿಂತಿದ್ದ ಇವೆಲಿಸ್‌ಗೆ ಗುರುತು ಸಿಕ್ಕಿತು.

ಎಲಿಯೆಸೆರ್! ಕಳೆದ ವರ್ಷ 'ಭಾನುವಾರ ಸಂಜೆ ಬಾ, ಮದುವೆ ಮಾತಾಡೋಣ' ಎಂದು ಕರೆದು, ತಾನೇ ಬಾರದೆ ಹೋದವನು...

"ಸರ್ಕಾರ ಹೇಳಿದ್ದು," ಎಂದ ಅವನು ಕಣ್ಣು ತಪ್ಪಿಸಿ. "ಪೋರ್ತಾ ದೆಲ್ ಸೋಲ್ ಬೋರ್ಡು. ಈ ಊರಿಗೆ ಇದೇ ಕೊನೇದು. ಈಗ ಲಾರಿ ಹೊರಟ್ರೆ ನಾನು ಮತ್ತೆ ಈ ಕಡೆ ಬರಲ್ಲ."

ಪೋರ್ಟೊ ರಿಕೊದ ಪಶ್ಚಿಮ ತೀರದ ಊರುಗಳನ್ನೆಲ್ಲ ಸೇರಿಸಿ ಸರ್ಕಾರ ಪ್ರವಾಸಿ ವಲಯ ಮಾಡಿ, ಪೋರ್ತಾ ದೆಲ್ ಸೋಲ್, ಅಂದರೆ 'ಸೂರ್ಯನ ಬಾಗಿಲು' ಎಂಬ ಚೆಂದದ ಹೆಸರಿಟ್ಟ ಮೇಲೆ ಇವೆಲಿಸ್‌ಳ ಪುಟ್ಟ ವಸತಿಗೃಹದ ಕೋಣೆಗಳು ತುಂಬಿದ್ದವು. ಬಂದವರೆಲ್ಲ ಜೋಡಿಗಳೇ! ಅವರು ಕೈಹಿಡಿದು ಸೂರ್ಯಾಸ್ತ ನೋಡಲು ಹೋದರೆ, ಇವಳು ಅಡುಗೆಮನೆಯಲ್ಲಿ ಒಬ್ಬಳೇ ಕಾಫಿ ಕುಡಿಯುತ್ತಿದ್ದಳು.

"ಹೋಗಿ. ಹೇಳದೆ ಹೋಗೋದು ನಿಮಗೇನು ಹೊಸದಾ?"

"ನಾನಾ? ಕತ್ತಲಾಗೋವರೆಗೂ ಕಾದೆ ಇವೆಲಿಸ್! ಬರದೇ ಇದ್ದೋಳು ನೀನು."

"ಸುಳ್ಳು! ನೀನು ಹೇಳಿದ ಹಾಗೇ ಬಾದಾಮಿ ಮರ ಇದ್ದ ಜಾಗದಲ್ಲಿ ನಿಂತಿದ್ದೆ. ಚರ್ಚಿಂದ ಬರೋರೆಲ್ಲ ನನ್ನೇ ನೋಡ್ತಿದ್ರು..."

ಅವನು ಗುದ್ದಲಿ ಪಕ್ಕಕ್ಕಿಟ್ಟ.

"ಚರ್ಚಾ? ನಾನು ಹೇಳಿದ್ದು ದೋಣಿಕಟ್ಟೆ ಹತ್ತಿರದ ಬಾದಾಮಿ ಮರ ಕಣೇ!"

ಈ ಊರಿನವರ ಚಾಳಿಯೇ ಹೀಗೆ. ಬಿದ್ದುಹೋದ ಮರ, ಮುಚ್ಚಿಹೋದ ಬೇಕರಿಯನ್ನೇ ಗುರುತು ಹೇಳುತ್ತಾರೆ. ಬೋರ್ಡು ಬೇಕಾಗಿರುವುದು ಪ್ರವಾಸಿಗಳಿಗೆ ಮಾತ್ರ ಎಂಬ ಜಂಬ ಬೇರೆ! ಒಂದು ಬಾದಾಮಿ ಮರ ಒರ್ತೆನ್ಸಿಯಾ ಚಂಡಮಾರುತಕ್ಕೆ ಬಿದ್ದಿತ್ತು, ಇನ್ನೊಂದು ಜಾರ್ಜಸ್‌ಗೆ. ಒಂದೇ ಸಂಜೆ ಇಬ್ಬರೂ ಇಲ್ಲದ ಎರಡು ಮರಗಳ ಕೆಳಗೆ ಕಾದಿದ್ದರು.

"ಒಂದ್ಸಲ ಬಂದು ಕೇಳಬಾರದಿತ್ತಾ?" ಎಂದಳು ಅವಳು.

"ಬೇಡ ಅಂದೋಳ ಬಾಗಿಲು ಹೇಗೆ ತಟ್ಟಲಿ ಅನ್ಕೊಂಡೆ... ನೀನಾದ್ರೂ ಕೇಳಬಹುದಿತ್ತಲ್ಲ?"

ನನಗೂ ಅದೇ ಹಟ... ಎಂದುಕೊಂಡಳು ಇವೆಲಿಸ್.

ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯಿತು. ಅವಳು ಲಾರಿಯತ್ತ ನೋಡಿದಳು. ಈಗಲೂ ಬಾಯಿ ಬಿಡದಿದ್ದರೆ?

"ಹೋಗಬೇಡ," ಎಂದಳು. "ಒಬ್ಬಳೇ ಇದ್ದು ಇದ್ದು ಸಾಕಾಗಿದೆ ನಂಗೆ."

ಎಲಿಯೆಸೆರ್ ಅವಳನ್ನೇ ನೋಡಿದ. ನಂತರ ಡ್ರೈವರ್ ಕಡೆ ತಿರುಗಿ, ನೀನು ಹೊರಡು ಎಂದು ಕೈಬೀಸಿದ.

"ಹಾಗಾದ್ರೆ ಭಾನುವಾರ ಸಿಗೋಣ್ವಾ? ಎಲ್ಲಿ ಹೇಳು."

ಅವಳು ಕಣ್ಣೀರಲ್ಲೇ ನಕ್ಕಳು. "ಇನ್ನೂ ಬಿದ್ದಿಲ್ಲದ ಮರ ಯಾವುದಾದ್ರೂ ಇದ್ರೆ ನೋಡು ಮಾರಾಯಾ!"

"ಮರದ ಸಹವಾಸವೇ ಬೇಡ. ಈ ಬೋರ್ಡಿನ ಕೆಳಗೇ ಸಿಗೋಣ."

"ಭಾನುವಾರದವರೆಗೆ ಯಾಕೆ? ಬೋರ್ಡು ನೆಟ್ಟು ಒಳಗೆ ಬಾ. ಕಾಫಿ ಇಡ್ತೀನಿ... ಇಬ್ಬರಿಗೂ."